ಬೆಸುಗೆಗಾರನ ಕೈಗೆ ಒರೆಗಲ್ಲು

ಅಕ್ಕಸಾಲಿಯು ಒರೆಗಲ್ಲಿನ ಮೇಲೆ ಒಂದು ಗೆರೆ ಎಳೆದು ಚಿನ್ನ ಎಷ್ಟು ಬಣ್ಣದ್ದೆಂದು ಹೇಳಿಬಿಡುತ್ತಾನೆ. ಉಕ್ಕಿನ ಕೊಳವೆಗಳನ್ನು ಬೆಸೆಯುವವನ ಕೈಯ ಬಣ್ಣವನ್ನು ತಿಳಿಯುವುದು ಅಷ್ಟು ಸುಲಭವಲ್ಲ. ಬೆಸುಗೆಯ ಮೈ ಮೀನಿನ ಹುರುಪೆಯಂತೆ ಒಪ್ಪವಾಗಿ, ಅಲೆಯ ಮೇಲೆ ಅಲೆ ಮಡಿಸಿಟ್ಟಂತೆ ಹೊಳೆಯುತ್ತಿರಬಹುದು. ಅದರೊಳಗೆ ಗಾಳಿಗುಳ್ಳೆಗಳೂ ಕಿಟ್ಟದ ಎಳೆಗಳೂ ಅಡಗಿ ಕುಳಿತಿರಬಹುದು. ಹೊರಗಿನ ಕಣ್ಣಿಗೆ ಅದು ಕಾಣದು. ಕಾಣುವ ಹೊತ್ತಿಗೆ ಅದರ ಕೆಳಗೆ ಜನ ನಿಂತಿರುತ್ತಾರೆ. ಆದಕಾರಣವೇ, ಕಟ್ಟಡಕ್ಕೆ ಬಳಸುವ ಕೊಳವೆಗಳನ್ನು ಬೆಸೆಯುವವನನ್ನು ಕೆಲಸಕ್ಕೆ ಹಚ್ಚುವ ಮೊದಲು ಪರೀಕ್ಷೆಗೆ ಗುರಿಪಡಿಸಬೇಕೆಂಬ ನಿಯಮ ಹುಟ್ಟಿತು. ಪ್ರಶ್ನೆಪತ್ರಿಕೆಯಿಲ್ಲದ, ಕೈಯೊಂದೇ ಉತ್ತರ ಬರೆಯಬೇಕಾದ ಪರೀಕ್ಷೆ ಅದು.

ಕೊಳವೆಯಿಂದ ಕಟ್ಟಡ ಕಟ್ಟುವುದಾದರೂ ಏಕೆ ಎಂದು ಕೇಳುವವರು ಹಿತ್ತಲಿನ ಬಿದಿರ ಮೆಳೆಯನ್ನು ನೋಡಬಹುದು. ಒಳಗೆ ಟೊಳ್ಳು, ಆದರೂ ಬಿರುಗಾಳಿಗೆ ತಲೆದೂಗಿ ಮತ್ತೆ ನೆಟ್ಟಗೆ ನಿಲ್ಲುತ್ತದೆ. ಒಂದೇ ತೂಕದ ಗಟ್ಟಿ ಸರಳಿಗಿಂತ ಟೊಳ್ಳು ಕೊಳವೆ ಬಾಗುವುದಕ್ಕೂ ತಿರುಚುವುದಕ್ಕೂ ಹೆಚ್ಚು ಎದುರು ನಿಲ್ಲುತ್ತದೆ. ಮೈ ದುಂಡಾದ್ದರಿಂದ ಗಾಳಿಯೂ ಅಲೆಯೂ ಅದರ ಮೇಲೆ ಹೆಚ್ಚು ಬಲ ಹಾಕಲಾರವು. ಬಸ್ ನಿಲ್ದಾಣದ ಸೂರು, ಕ್ರೀಡಾಂಗಣದ ಮೇಲ್ಛಾವಣಿ, ಹೆದ್ದಾರಿಯ ಜಾಹೀರಾತು ಫಲಕವನ್ನು ಹೊತ್ತ ಕಂಬ, ನಡುಗಡಲಿನಲ್ಲಿ ಎಣ್ಣೆ ತೆಗೆಯುವ ಭಾರಿ ಕಟ್ಟೆ, ಇವೆಲ್ಲಕ್ಕೂ ಕೊಳವೆಯೇ ಬೇಕಾದದ್ದು ಇದರಿಂದ. ಬಿದಿರಿನ ಚಪ್ಪರಕ್ಕೆ ಹಗ್ಗದ ಗಂಟು ಸಾಕು. ಉಕ್ಕಿನ ಕೊಳವೆಗೆ ಬೆಸುಗೆಯ ಗಂಟು ಬೇಕು. ಕಷ್ಟವೆಲ್ಲ ಆ ಗಂಟಿನಲ್ಲಿದೆ.

ಚಪ್ಪಟೆಯಾದ ಎರಡು ಉಕ್ಕಿನ ಹಲಗೆಗಳನ್ನು ಬೆಸೆಯುವವನು ಮುಂದಿನಿಂದ ಬೆಸೆದು, ಮಗುಚಿ ಹಾಕಿ, ಹಿಂದಿನಿಂದ ಉಜ್ಜಿ ಇನ್ನೊಂದು ಸಾಲನ್ನು ಎಳೆಯಬಹುದು. ಕೊಳವೆಯೊಳಗೆ ಕೈ ಹೋಗುವುದಿಲ್ಲ. ಬುಡದವರೆಗೂ ಉಕ್ಕು ಕರಗಿ ಕೂಡಿಕೊಂಡಿತೆ ಇಲ್ಲವೆ ಎಂಬುದನ್ನು ಅವನು ಹೊರಗೆ ನಿಂತೇ, ಕರಗಿದ ಲೋಹದ ತುದಿಯಲ್ಲಿ ತೆರೆದುಕೊಳ್ಳುವ ಬೀಗದ ಕಂಡಿಯಷ್ಟು ಚಿಕ್ಕ ರಂಧ್ರವೊಂದನ್ನು ನೋಡುತ್ತ ಊಹಿಸಬೇಕು. ಆ ಕಂಡಿ ಮುಚ್ಚಿಹೋದರೆ ಬುಡ ಬೆಸೆದಿಲ್ಲವೆಂದು ಅರ್ಥ. ಹಿಗ್ಗಿದರೆ ಲೋಹ ಒಳಕ್ಕೆ ಸುರಿಯುತ್ತಿದೆಯೆಂದು ಅರ್ಥ. ಎರಡಕ್ಕೂ ನಡುವೆ ಇರುವ ಅಂತರ ಒಂದೆರಡು ಕ್ಷಣಗಳದು.

ಇನ್ನು ಕೊಳವೆಯ ತುದಿಗೆ ತುದಿ ಸೇರಿಸುವುದನ್ನು ಬಿಟ್ಟು, ಒಂದು ದಪ್ಪ ಕೊಳವೆಯ ಪಕ್ಕೆಗೆ ಸಣ್ಣ ಕೊಳವೆಯೊಂದನ್ನು ಸೇರಿಸಬೇಕೆನ್ನಿ. ನೆಟ್ಟಗೆ ಸೇರಿದರೆ ಅದು ಇಂಗ್ಲಿಷಿನ ‘ಟೀ’ ಅಕ್ಷರ. ಓರೆಯಾಗಿ ಸೇರಿದರೆ ‘ವೈ’. ಎರಡು ಕೊಳವೆಗಳು ಎರಡು ದಿಕ್ಕಿನಿಂದ ಓರೆಯಾಗಿ ಬಂದು ಒಂದೆಡೆ ಕೂಡಿದರೆ ‘ಕೇ’. ಕಟ್ಟಡದ ಬಲವೆಲ್ಲ ಈ ಮೂರು ಅಕ್ಷರಗಳಲ್ಲಿ ಬರೆದಿದೆ ಎಂದರೆ ಅತಿಶಯೋಕ್ತಿಯಾಗದು. ಸಣ್ಣ ಕೊಳವೆಯ ತುದಿಯನ್ನು ಕುದುರೆಯ ಜೀನಿನಂತೆ ಬಳುಕಿಸಿ ಕತ್ತರಿಸಿದ ಹೊರತು ಅದು ದೊಡ್ಡದರ ದುಂಡು ಮೈಗೆ ಹೊಂದುವುದಿಲ್ಲ. ಹೊಂದಿದ ಮೇಲೂ ಸಂದು ಸುತ್ತಲೂ ಒಂದೇ ತೆರನಾಗಿರುವುದಿಲ್ಲ. ಓರೆಯಾಗಿ ಊರಿದ ಆ ಕೊಳವೆಯನ್ನು ಒಂದು ಪಾದವೆಂದು ಭಾವಿಸಿದರೆ, ಬೆರಳುಗಳ ಕಡೆ ಸಂದು ಅಗಲವಾಗಿ ತೆರೆದಿರುತ್ತದೆ. ಪಕ್ಕಗಳಲ್ಲಿ ಬರಬರುತ್ತ ಕಿರಿದಾಗುತ್ತದೆ. ಹಿಮ್ಮಡಿಯ ಕಡೆ ಕಿರುಬೆರಳೂ ತೂರದ ಇಕ್ಕಟ್ಟಿನ ಮೂಲೆಯಾಗುತ್ತದೆ. ಬೆಸುಗೆಗಾರನು ಒಂದು ಸುತ್ತು ಬರುವಷ್ಟರಲ್ಲಿ ಕೈಯ ಓರೆಯನ್ನೂ ವೇಗವನ್ನೂ ಕಿಡಿಯ ಉದ್ದವನ್ನೂ ಮತ್ತೆ ಮತ್ತೆ ಬದಲಿಸುತ್ತ ಹೋಗಬೇಕು. ನಡುವೆ ನಿಂತು ಯೋಚಿಸೋಣವೆಂದರೆ ಕರಗಿದ ಉಕ್ಕು ಅವನಿಗಾಗಿ ಕಾಯುವುದಿಲ್ಲ.

ಈ ಕಷ್ಟವನ್ನೆಲ್ಲ ಒಂದು ಮಾರುದ್ದದ ಕೊಳವೆಯಲ್ಲಿ ತುಂಬಿ ಪರೀಕ್ಷೆಯನ್ನಾಗಿ ಮಾಡಿದ ಜಾಣತನ ಮೆಚ್ಚುವಂಥದು. ಅಮೆರಿಕದ ವೆಲ್ಡಿಂಗ್ ಸೊಸೈಟಿಯವರು ಕಟ್ಟಡಗಳ ಬೆಸುಗೆಗೆಂದು ಮೊದಲ ನಿಯಮಾವಳಿಯನ್ನು ಹೊರಡಿಸಿದ್ದು 1928ರಲ್ಲಿ. ಅದೇ ಬೆಳೆದು, 1972ರಿಂದ ‘ಡಿ1.1’ ಎಂಬ ಹೆಸರಿನಲ್ಲಿ ಮತ್ತೆ ಮತ್ತೆ ಪರಿಷ್ಕೃತವಾಗುತ್ತ ಬಂದಿದೆ. ಹಡಗುಕಟ್ಟೆಗಳಲ್ಲಿಯೂ ಎಣ್ಣೆಯ ನಾಡುಗಳಲ್ಲಿಯೂ ದುಡಿಯುವ ಬೆಸುಗೆಗಾರರಿಗೆ ಇಂದು ಈ ಸಂಹಿತೆಯ ಅಂಕಿಗಳು ಮನೆಯ ಬಾಗಿಲ ಸಂಖ್ಯೆಯಷ್ಟೇ ಪರಿಚಿತ. ‘1ಜಿ’ ಎಂದರೆ ಕೊಳವೆಯನ್ನು ಮಲಗಿಸಿ, ಉರುಳಿಸುತ್ತ, ಮೇಲಿನಿಂದಲೇ ಬೆಸೆಯುವುದು. ಇದು ಹೊಸಬನ ಪಾಠ. ‘2ಜಿ’ಯಲ್ಲಿ ಕೊಳವೆ ನೆಟ್ಟಗೆ ನಿಂತಿರುತ್ತದೆ, ಬೆಸುಗೆ ಅದರ ಸೊಂಟವನ್ನು ಬಳಸಿ ಅಡ್ಡಕ್ಕೆ ಹೋಗುತ್ತದೆ. ‘5ಜಿ’ಯಲ್ಲಿ ಮಲಗಿಸಿದ ಕೊಳವೆಯನ್ನು ಅಲುಗಾಡದಂತೆ ಬಿಗಿದಿರುತ್ತಾರೆ, ಬೆಸುಗೆಗಾರ ಅದರ ಹೊಟ್ಟೆಯಡಿ ಮುಖ ಮೇಲೆ ಮಾಡಿ ಆರಂಭಿಸಿ, ಪಕ್ಕೆಗಳಲ್ಲಿ ಏರಿ, ನೆತ್ತಿಯ ಮೇಲೆ ಮುಗಿಸಬೇಕು. ‘6ಜಿ’ಯಲ್ಲಿ ಕೊಳವೆ 45 ಡಿಗ್ರಿ ಓರೆಯಾಗಿ ಬಿಗಿಯಲ್ಪಟ್ಟಿರುತ್ತದೆ. ಅಲ್ಲಿ ಮೇಲೆ, ಕೆಳಗೆ, ಅಡ್ಡ, ಉದ್ದ ಎಂಬ ನಾಲ್ಕೂ ದಿಕ್ಕುಗಳು ಒಂದೇ ಸುತ್ತಿನಲ್ಲಿ ಬೆರೆತುಹೋಗುತ್ತವೆ. ಇದರಲ್ಲಿ ಗೆದ್ದವನು ತುದಿಗೆ ತುದಿ ಸೇರುವ ಕೊಳವೆಯನ್ನು ಯಾವ ಭಂಗಿಯಲ್ಲಾದರೂ ಬೆಸೆಯಬಹುದು.

ಅಷ್ಟಾದರೂ ಟೀ, ವೈ, ಕೇಗಳ ಹತ್ತಿರ ಅವನನ್ನು ಬಿಡುವುದಿಲ್ಲ. ಒಳಗೆ ಆಸರೆಪಟ್ಟಿಯಿಲ್ಲದೆ, ಒಂದೇ ಪಕ್ಕದಿಂದ, ಬುಡದವರೆಗೂ ಪೂರ್ತಿಯಾಗಿ ಬೆಸೆಯಬೇಕಾದ ಅಂಥ ಗಂಟುಗಳಿಗೆ ‘6ಜಿಆರ್’ ಎಂಬ ಇನ್ನೊಂದು ಪರೀಕ್ಷೆಯುಂಟು. ಕೊನೆಯ ಅಕ್ಷರ ಅಡ್ಡಿಯ ಸೂಚಕ. ಅದೇ 45 ಡಿಗ್ರಿಯ ಓರೆ. ಆದರೆ ಕೂಡಬೇಕಾದ ಎರಡು ಕೊಳವೆಗಳ ದಪ್ಪ ಒಂದೇ ಅಲ್ಲ. ಒಂದರ ಅಂಚನ್ನು 37½ ಡಿಗ್ರಿ ಇಳಿಜಾರಾಗಿ ಕೆತ್ತಿರುತ್ತಾರೆ, ದಪ್ಪನೆಯದರ ಅಂಚು ಮೊಂಡಾಗಿಯೇ ಇರುತ್ತದೆ. ಇದು ಸಾಲದೆಂಬಂತೆ, ದಪ್ಪ ಕೊಳವೆಗೆ ಸಂದಿನಿಂದ ಅರ್ಧ ಅಂಗುಲದೊಳಗೆ ಉಕ್ಕಿನ ಅಗಲವಾದ ಬಳೆಯೊಂದನ್ನು ತೊಡಿಸುತ್ತಾರೆ. ಬೆಸುಗೆಗಾರನು ತನಗೆ ಬೇಕಾದ ಕಡೆ ಕೈಯನ್ನು ಓರೆಮಾಡಲು ಹೋದರೆ ಆ ಬಳೆ ಅಡ್ಡ ಬರುತ್ತದೆ. ಕಡಲ ಕಟ್ಟೆಯ ಮೇಲೆ ಹಿಮ್ಮಡಿಯ ಇಕ್ಕಟ್ಟಿನಲ್ಲಿ ಸಿಗದ ಅನುಕೂಲ ಪರೀಕ್ಷೆಯ ಕೋಣೆಯಲ್ಲಿಯೂ ಸಿಗಬಾರದೆಂದು ಮಾಡಿದ ಏರ್ಪಾಡು ಇದು. ಬಳೆ ತೊಟ್ಟ ಈ ಕೊಳವೆಯ ಮುಂದೆ ಹತ್ತು ವರ್ಷ ಪಳಗಿದ ಕೈಯೂ ಬೆವರುವುದುಂಟು.

ಕೆಲಸ ನಡೆಯುವ ಬಗೆ ಹೀಗೆ. ಸಂದಿನ ನಡುವೆ ಸುಮಾರು 3 ಮಿಲಿಮೀಟರು ಕಂಡಿ ಬಿಟ್ಟು ನಾಲ್ಕಾರು ಕಡೆ ಚುಕ್ಕೆ ಬೆಸುಗೆ ಹಾಕಿ ನಿಲ್ಲಿಸುತ್ತಾರೆ. ಮೊದಲು ಬುಡದ ಸಾಲು. ಅದು ಕೆಟ್ಟರೆ ಮೇಲೆ ಎಷ್ಟು ಸಾಲು ಎಳೆದರೂ ಪಾಯ ಕೆಟ್ಟ ಮನೆಯಂತೆ. ಪ್ರತಿಯೊಂದು ಸಾಲಿನ ಮೇಲೂ ಕಿಟ್ಟವನ್ನು ಸುತ್ತಿಗೆಯಿಂದ ಉದುರಿಸಿ, ತಂತಿಯ ಕುಂಚದಿಂದ ಉಜ್ಜಿ, ಅನಂತರ ಮುಂದಿನ ಸಾಲು. ರಾಡುಗಳ ವಿಷಯದಲ್ಲಿಯೂ ಮಡಿಯೇ. ಕಡಿಮೆ ಜಲಜನಕದ ರಾಡಿನ ಮೇಲಿರುವ ಲೇಪ ಮಳೆಗಾಲದ ಹಪ್ಪಳದಂತೆ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ; ಆ ತೇವದಿಂದ ಹುಟ್ಟುವ ಜಲಜನಕ ಬೆಸುಗೆಯೊಳಗೆ ಸೇರಿ, ಎಲ್ಲವೂ ಆರಿದ ಮೇಲೆ, ಎಷ್ಟೋ ಹೊತ್ತಾದ ಬಳಿಕ ಬಿರುಕು ಮೂಡಿಸುತ್ತದೆ. ಆದ್ದರಿಂದ ಅವುಗಳನ್ನು ಬಿಸಿ ಪೆಟ್ಟಿಗೆಯಲ್ಲಿಟ್ಟು, ಬೇಕಾದಷ್ಟನ್ನು ಮಾತ್ರ ಹೊರಗೆ ತೆಗೆಯಬೇಕು.

ಮುಗಿದ ಬೆಸುಗೆಯನ್ನು ಪರೀಕ್ಷಕನು ಮೊದಲು ಕಣ್ಣಿನಿಂದ ನೋಡುತ್ತಾನೆ. ಬಿರುಕು ಕಂಡರೆ ಅಲ್ಲಿಗೆ ಮುಗಿಯಿತು. ಅದನ್ನು ದಾಟಿದರೆ ಕೊಳವೆಯ ಸುತ್ತ ಗೊತ್ತುಪಡಿಸಿದ ಎಡೆಗಳಲ್ಲಿ ಬೆಸುಗೆಯನ್ನು ಅಡ್ಡ ಹಾಯುವಂತೆ ನಾಲ್ಕು ಪಟ್ಟಿಗಳನ್ನು ಕುಯ್ದು ತೆಗೆಯುತ್ತಾರೆ. ಆ ಪಟ್ಟಿಯನ್ನು ಒತ್ತುಯಂತ್ರಕ್ಕೆ ಕೊಟ್ಟು ಎರಡು ತುದಿಗಳೂ ಒಂದೇ ದಿಕ್ಕಿಗೆ ಬರುವಂತೆ ಲಾಳದ ಆಕಾರಕ್ಕೆ ಬಾಗಿಸಲಾಗುತ್ತದೆ. ಬಾಗಿದ ಹೊರಮೈಯಲ್ಲಿ ಉಕ್ಕು ಹಿಗ್ಗಿ, ಒಳಗೆ ಅಡಗಿದ್ದ ಕಳವೆಲ್ಲ ಬಾಯಿ ತೆರೆಯುತ್ತದೆ. 3 ಮಿಲಿಮೀಟರಿಗಿಂತ ದೊಡ್ಡದಾದ ಒಂದೇ ಒಂದು ಬಾಯಿ ಕಂಡರೂ ಅವನು ಸೋತನು. ಅದಕ್ಕಿಂತ ಚಿಕ್ಕವಾಗಿದ್ದು 1 ಮಿಲಿಮೀಟರಿಗೆ ಮೀರಿದವುಗಳೆಲ್ಲ ಕೂಡಿ 10 ಮಿಲಿಮೀಟರನ್ನು ದಾಟಿದರೂ ಸೋತನು. ಚೌಕ ಕೊಳವೆಯಾದರೆ ಮೂಲೆಗಳಿಗೆ ಬೇರೆ ವಿಚಾರಣೆ: ಅಲ್ಲಿ ಕುಯ್ದು, ನಯಗೊಳಿಸಿ, ಆಮ್ಲ ಸವರಿ, ಬೆಸುಗೆಯ ಪದರಗಳು ಮರದ ಉಂಗುರಗಳಂತೆ ತೋರುವ ಹಾಗೆ ಮಾಡಿ ನೋಡುತ್ತಾರೆ. ಕೈ ಮೂಲೆಯಲ್ಲಿ ತಿರುಗುವಾಗಲೇ ತಪ್ಪುವುದು ಹೆಚ್ಚು.

ಸೋತವನಿಗೆ ದಾರಿ ಮುಚ್ಚಿಲ್ಲ. ಕೂಡಲೇ ಮತ್ತೆ ಕೂರಬೇಕೆಂದರೆ ಅವನು ಸೋತ ಪ್ರತಿ ಭಂಗಿಯಲ್ಲಿಯೂ ಒಂದರ ಬದಲು ಎರಡು ಬೆಸುಗೆ ಮಾಡಿ ಎರಡರಲ್ಲಿಯೂ ಗೆಲ್ಲಬೇಕು. ಅದು ಬೇಡವೆಂದರೆ ಇನ್ನಷ್ಟು ಕಲಿತು, ಅಭ್ಯಾಸ ಮಾಡಿ, ಮೊದಲಿನಿಂದ ಪೂರ್ತಿ ಪರೀಕ್ಷೆ ಕೊಡಬೇಕು.

ಗೆದ್ದವನ ಕೈಗೆ ಬರುವ ಪತ್ರವನ್ನು ವಿಶ್ವವಿದ್ಯಾಲಯದ ಪದವಿಗೆ ಹೋಲಿಸುವುದು ತಪ್ಪು. ಪದವೀಧರನು ಓದಿದ್ದನ್ನೆಲ್ಲ ಮರೆತರೂ ಪದವಿ ಅವನ ಹೆಸರಿನ ಬಾಲವಾಗಿ ಕಡೆಯವರೆಗೂ ಉಳಿಯುತ್ತದೆ. ಬೆಸುಗೆಗಾರನ ಪತ್ರಕ್ಕೆ ಅಂಥ ಭಾಗ್ಯವಿಲ್ಲ. ಯಾವ ವಿಧಾನದಲ್ಲಿ ಬೆಸೆದು ಗೆದ್ದನೋ ಆ ವಿಧಾನಕ್ಕಷ್ಟೇ ಅದು ಸಲ್ಲುತ್ತದೆ. ರಾಡಿನಲ್ಲಿ ಗೆದ್ದವನು ಆರ್ಗಾನ್ ಅನಿಲದ ಟಿಗ್ ಬೆಸುಗೆಗೆ ಕೈಹಾಕುವಂತಿಲ್ಲ. ಎರಡು ಮೂರು ಅಂಗುಲದ ಸಣ್ಣ ಕೊಳವೆಯಲ್ಲಿ ಗೆದ್ದರೆ ನಾಲ್ಕು ಅಂಗುಲದವರೆಗೆ ಮಾತ್ರ ಅನುಮತಿ. ಅದಕ್ಕೂ ಮೇಲಿನದನ್ನು ಬೆಸೆಯಬೇಕಾದರೆ ದಪ್ಪ ಮೈಯ ಆರು ಅಥವಾ ಎಂಟು ಅಂಗುಲದ ಕೊಳವೆಯಲ್ಲಿ ಕೈ ತೋರಿಸಬೇಕು. ಇದೆಲ್ಲಕ್ಕಿಂತ ಕಟುವಾದ ನಿಯಮ ಇನ್ನೊಂದು: ಆರು ತಿಂಗಳಿಗೆ ಮೀರಿ ಆ ವಿಧಾನದಲ್ಲಿ ಬೆಸೆಯದೆ ಕುಳಿತರೆ ಅರ್ಹತೆ ತಾನಾಗಿಯೇ ಸತ್ತುಹೋಗುತ್ತದೆ. ಕಾಯಿಲೆ ಬಿದ್ದೆನೆಂದರೂ ಕೆಲಸ ಸಿಗಲಿಲ್ಲವೆಂದರೂ ಒಂದೇ. ಯೂರೋಪಿನವರು ಅನುಸರಿಸುವ ಐ.ಎಸ್.ಓ. 9606ರಲ್ಲಿಯೂ ಆರು ತಿಂಗಳಿಗೊಮ್ಮೆ ಮಾಲೀಕನು ಇವನು ಕೆಲಸದಲ್ಲಿದ್ದಾನೆಂದು ರುಜು ಹಾಕಬೇಕಾದದ್ದುಂಟು. ಸಂಗೀತಗಾರನ ಕಂಠದಂತೆ ಈ ಕೈಯೂ ಸಾಧಕ ನಿಂತರೆ ಕೆಡುತ್ತದೆಂಬುದನ್ನು ನಿಯಮ ಮಾಡಿದವರು ಬಲ್ಲರು.

ಇಷ್ಟೊಂದು ಬಿಗಿ ಬೇಕೆ ಎಂಬ ಸಂದೇಹ ವಾಚಕರಿಗೆ ಬಂದಿರಲಾರದೆನ್ನುವಂತಿಲ್ಲ. ಅದಕ್ಕೆ ಉತ್ತರವನ್ನು ನಾರ್ವೆ ದೇಶದ ಕಡಲು ಕೊಟ್ಟಿದೆ.

ಆ ನಾಡಿನ ಹೆಸರಾಂತ ಕಾದಂಬರಿಕಾರ ಅಲೆಕ್ಸಾಂಡರ್ ಕೀಲಂಡ್. ಅವನ ಹೆಸರಿಟ್ಟಿದ್ದ ತೇಲುಕಟ್ಟೆಯೊಂದು ಉತ್ತರ ಸಮುದ್ರದ ಎಕೋಫಿಸ್ಕ್ ಎಣ್ಣೆಕ್ಷೇತ್ರದಲ್ಲಿ ಕೆಲಸಗಾರರ ವಸತಿಯಾಗಿ ನಿಂತಿತ್ತು. ಐದು ದೈತ್ಯ ಕಾಲುಗಳು. ಕಾಲಿಗೂ ಕಾಲಿಗೂ ನಡುವೆ ಉಕ್ಕಿನ ಕೊಳವೆಗಳ ಕಟ್ಟು. 1980ನೆಯ ಇಸವಿ ಮಾರ್ಚ್ 27ರ ಸಂಜೆ, ಆರೂವರೆಯ ಸುಮಾರು. ಕಡಲು ಒರಟಾಗಿತ್ತು, ಆದರೆ ಆ ಸಮುದ್ರದಲ್ಲಿ ಅಂಥ ಅಲೆಗಳು ಅಪರೂಪವಲ್ಲ. ಹಲವರು ಊಟದ ಮನೆಯಲ್ಲಿಯೂ ಸಿನಿಮಾ ಕೋಣೆಯಲ್ಲಿಯೂ ಇದ್ದರು. ದೊಡ್ಡ ಶಬ್ದವೊಂದು ಕೇಳಿಸಿತು. ಒಂದು ಕಟ್ಟುಕೊಳವೆ ಮುರಿಯಿತು. ಅದರ ಭಾರವನ್ನು ತಾಳಲಾರದೆ ಅದೇ ಕಾಲಿನ ಉಳಿದ ಕಟ್ಟುಗಳೂ ಒಂದಾದ ಮೇಲೊಂದು ಕಿತ್ತುಬಂದವು. ಒಂದು ಇಡೀ ಕಾಲು ಕಳಚಿಕೊಂಡು ನೀರಿಗೆ ಹೋಯಿತು. ಕಟ್ಟೆ ಓರೆಯಾಗಿ ವಾಲಿ ನಿಂತು, ಇಪ್ಪತ್ತು ನಿಮಿಷಗಳ ಸುಮಾರಿಗೆ ಪೂರ್ತಿ ಮಗುಚಿಕೊಂಡಿತು. ಅದರಲ್ಲಿದ್ದವರು 212 ಮಂದಿ. ಸತ್ತವರು 123.

ತನಿಖೆಯವರು ಮುರಿದ ಕೊಳವೆಯ ಅಂಚನ್ನು ಪರೀಕ್ಷಿಸಿದಾಗ ಮೃತ್ಯು ಹೊರಟ ಎಡೆ ದೊರೆಯಿತು. ಎರಡೂವರೆ ಮೀಟರಿಗೂ ಮಿಗಿಲಾದ ಅಡ್ಡಳತೆಯ ಆ ಕಟ್ಟುಕೊಳವೆಗೆ, ನೀರೊಳಗಿನ ಸದ್ದನ್ನು ಕೇಳುವ ಉಪಕರಣವೊಂದನ್ನು ಕೂರಿಸುವುದಕ್ಕಾಗಿ ಒಂದು ತೂತು ಕೊರೆದು, ಸುಮಾರು ಒಂದಡಿ ಅಡ್ಡಳತೆಯ ಚಿಕ್ಕ ಕೊಳವೆಯನ್ನು ತೂರಿಸಿ, ಸುತ್ತಲೂ 6 ಮಿಲಿಮೀಟರಿನ ಮೂಲೆಬೆಸುಗೆ ಹಾಕಿದ್ದರು. ಆ ಬೆಸುಗೆ ಬಿರುಕು ಬಿಟ್ಟಿತ್ತು. ಬಿರುಕು ಕಡಲಿನಲ್ಲಿ ಬಂದದ್ದೂ ಅಲ್ಲ. ಒಡೆದ ಮೈಯ ಮೇಲೆ ಬಣ್ಣದ ಗುರುತು ಸಿಕ್ಕಿತು. 1976ರಲ್ಲಿ ಕಟ್ಟೆಯನ್ನು ಕಟ್ಟಿ ಮುಗಿಸಿದ ಕಾಲದಲ್ಲಿ, ಕೊನೆಯದಾಗಿ ಬಣ್ಣ ಬಳಿಯುವಾಗಲೇ ಅಲ್ಲಿ ಬಿರುಕಿತ್ತು. ಬಣ್ಣ ಒಳಕ್ಕೆ ಇಳಿದಿತ್ತು. ಅನಂತರ ಪ್ರತಿಯೊಂದು ಅಲೆಯೂ ಅದನ್ನು ಕೂದಲೆಳೆಯಷ್ಟು ಹಿಗ್ಗಿಸುತ್ತ ಹೋಗಿ, ಕಡೆಗೆ ದೊಡ್ಡ ಕೊಳವೆಯ ಸುತ್ತಳತೆಯಲ್ಲಿ ಮೂರರಲ್ಲಿ ಎರಡು ಪಾಲು ಸೀಳಿದ ಮೇಲೆ ಉಳಿದದ್ದು ಆ ಸಂಜೆ ಹರಿಯಿತು.

ಇದರ ತಪ್ಪನ್ನೆಲ್ಲ ಒಬ್ಬ ಬೆಸುಗೆಗಾರನ ತಲೆಗೆ ಕಟ್ಟುವುದು ನ್ಯಾಯವಲ್ಲ. ಚಿಕ್ಕ ಕೊಳವೆಯ ಉಕ್ಕೇ ಪದರು ಪದರಾಗಿ ಬಿಡುವ ಜಾತಿಯದಾಗಿತ್ತು. ಒಂದು ಕಟ್ಟು ಮುರಿದರೆ ಉಳಿದವು ತಾಳಬೇಕೆಂಬ ಯೋಚನೆ ನಕ್ಷೆಯಲ್ಲಿರಲಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಆ ಉಪಕರಣದ ಪೀಠವನ್ನು ಕಟ್ಟಡದ ಅಂಗವೆಂದು ಯಾರೂ ಎಣಿಸಲಿಲ್ಲ. ಅದೊಂದು ಬಿಡಿ ಸಾಮಾನು, ಗೋಡೆಗೆ ಹೊಡೆದ ಗೂಟದಂತೆ ಎಂದು ತಿಳಿದರು. ಮುಖ್ಯ ಗಂಟುಗಳಿಗೆ ಸಲ್ಲುವ ಎಚ್ಚರ ಅದಕ್ಕೆ ಸಲ್ಲಲಿಲ್ಲ. ಉಕ್ಕಿಗೆ ಮಾತ್ರ ಮುಖ್ಯ ಬೆಸುಗೆ, ಅಮುಖ್ಯ ಬೆಸುಗೆ ಎಂಬ ಭೇದ ಗೊತ್ತಿಲ್ಲ. ಭಾರ ಹೊತ್ತ ಕೊಳವೆಯ ಮೈಗೆ ಕಿಡಿ ತಾಗಿಸಿದವನೆಲ್ಲ ಆ ಕೊಳವೆಯ ಆಯುಸ್ಸಿಗೆ ಕೈಯಿಟ್ಟಂತೆಯೇ.

ನಮ್ಮ ದೇಶದಲ್ಲಿ ನಿಯಮಗಳಿಗೆ ಬರಗಾಲವಿಲ್ಲ. ಕಟ್ಟಡಗಳಲ್ಲಿ ಉಕ್ಕಿನ ಕೊಳವೆ ಬಳಸುವುದಕ್ಕೆ ಐ.ಎಸ್. 806 ಎಂಬ ಸಂಹಿತೆಯುಂಟು. ಬೆಸುಗೆಗಾರರ ಪರೀಕ್ಷೆಗೆ ಐ.ಎಸ್. 7310 ಉಂಟು. ಉಗಿಯ ಕೊಳವೆಗಳನ್ನು ಬೆಸೆಯುವವರಿಗೆ 1950ರ ಬಾಯ್ಲರ್ ನಿಯಮಾವಳಿ ಬೇರೊಂದು ಪರೀಕ್ಷೆಯನ್ನು ವಿಧಿಸಿತು. ತಿರುಚಿರಾಪಳ್ಳಿಯಲ್ಲಿ 1975ರಲ್ಲಿ ಸ್ಥಾಪಿತವಾದ ಬೆಸುಗೆ ಸಂಶೋಧನ ಸಂಸ್ಥೆ ದೊಡ್ಡ ದೊಡ್ಡ ಕಾರ್ಖಾನೆಗಳ ಬೆಸುಗೆಗಾರರನ್ನು ತಿದ್ದಿದೆ. ಐ.ಟಿ.ಐ.ಗಳಲ್ಲಿ ವೆಲ್ಡರ್ ಪಾಠ ಮುಗಿಸಿ ಬರುವ ಹುಡುಗರೂ ಬೇಕಾದಷ್ಟು ಮಂದಿ. ಕೊರತೆಯಿರುವುದು ಬೀದಿಯಲ್ಲಿ. ಊರೂರ ಗೇಟು ಗ್ರಿಲ್ಲುಗಳ ಅಂಗಡಿಯಲ್ಲಿ ಕಿಟಕಿಯ ಸರಳು ಬೆಸೆಯುವ ಕೈಯೇ ಮರುದಿನ ಕಲ್ಯಾಣಮಂಟಪದ ಅಂಗಳಕ್ಕೆ ನಲವತ್ತು ಅಡಿಯ ಕೊಳವೆಸೂರನ್ನು ಬೆಸೆಯುತ್ತದೆ. ಕಿಟಕಿ ಕಳಚಿದರೆ ಬೆಕ್ಕು ಒಳಗೆ ಬರುತ್ತದೆ, ಅಷ್ಟೆ. ಸೂರು ಕಳಚಿದರೆ? ಆ ಹುಡುಗನ ಕೈಯಲ್ಲಿ ಕಸುಬಿಲ್ಲವೆಂದಲ್ಲ. ಎಷ್ಟೋ ವೇಳೆ ಪತ್ರವುಳ್ಳವನಿಗಿಂತ ಅವನ ಸಾಲೇ ನಯವಾಗಿರುತ್ತದೆ. ಆದರೆ ಅವನ ಬೆಸುಗೆಯಿಂದ ನಾಲ್ಕು ಪಟ್ಟಿ ಕುಯ್ದು ಬಾಗಿಸಿ ನೋಡಿದವರು ಯಾರೂ ಇಲ್ಲ. ನೋಡುವಂತೆ ಕೇಳಿದ ಗಿರಾಕಿಯೂ ಇಲ್ಲ. ಗಿರಾಕಿ ಕೇಳುವುದು ಅಡಿಗೆ ಎಷ್ಟು ಎಂದು.

ಪತ್ರವುಳ್ಳವರ ಅಳಲು ಬೇರೆ. ಕರಾವಳಿಯಿಂದಲೂ ಬಯಲುಸೀಮೆಯಿಂದಲೂ ಕೊಲ್ಲಿಯ ನಾಡುಗಳಿಗೆ ಬೆಸುಗೆಯ ಕೆಲಸಕ್ಕೆ ಹೋಗುವವರು ಮುಂಬಯಿಯಲ್ಲಿ ಒಮ್ಮೆ ಕೈ ತೋರಿಸುತ್ತಾರೆ. ಅಲ್ಲಿಗೆ ಇಳಿದ ಮೇಲೆ ಕಾರ್ಖಾನೆಯವರು ಮತ್ತೊಮ್ಮೆ ಕೊಳವೆಯ ಮುಂದೆ ನಿಲ್ಲಿಸುತ್ತಾರೆ. ಮಾಲೀಕ ಬದಲಾದರೆ ಮೂರನೆಯ ಸಲ. ಒಬ್ಬ ಮಾಲೀಕ ಮಾಡಿಸಿದ ಪರೀಕ್ಷೆಯನ್ನು ಇನ್ನೊಬ್ಬನ ಕೆಲಸದಲ್ಲಿ ಒಪ್ಪಿಕೊಳ್ಳಲು ಡಿ1.1 ಅಡ್ಡಿಮಾಡುವುದಿಲ್ಲ, ಎಂಜಿನಿಯರನ ಸಮ್ಮತಿಯೊಂದಿದ್ದರೆ ಸಾಕು. ಆದರೆ ಗುರುತಿಲ್ಲದ ಪತ್ರವನ್ನು ನಂಬುವುದಕ್ಕಿಂತ ಒಂದು ತುಂಡು ಕೊಳವೆ ಹಾಳಾದರೂ ಚಿಂತೆಯಿಲ್ಲವೆಂದು ಹೆಚ್ಚಿನವರು ಎಣಿಸುತ್ತಾರೆ. ಊರಲ್ಲಿ ಸಾಲ ಮಾಡಿ ಹೊರಟವನಿಗೆ ಆ ಒಂದು ತುಂಡು ಕೊಳವೆ ಎಷ್ಟು ಭಾರವೆಂಬುದು ತಕ್ಕಡಿಯಲ್ಲಿ ತೂಗಿ ಹೇಳುವಂಥದಲ್ಲ. ಕೈ ನಡುಗಬಾರದೆಂಬ ಕೆಲಸದಲ್ಲಿ ಕೈ ನಡುಗುವುದಕ್ಕೆ ಬೇಕಾದ ಕಾರಣಗಳನ್ನೆಲ್ಲ ಅವನು ಮನೆಯಿಂದಲೇ ಹೊತ್ತು ತಂದಿರುತ್ತಾನೆ.

ಪರೀಕ್ಷೆ ಗೆದ್ದವನಿಗೆ ದೊಡ್ಡ ಕೆಲಸಗಳಲ್ಲಿ ಒಂದು ಸಂಖ್ಯೆಯನ್ನು ಕೊಡುತ್ತಾರೆ. ಗಂಟನ್ನು ಬೆಸೆದು ಮುಗಿಸಿದ ಮೇಲೆ ಅದರ ಪಕ್ಕದಲ್ಲಿ ಅವನು ಆ ಸಂಖ್ಯೆಯನ್ನು ಬರೆಯುತ್ತಾನೆ. ಮೇಲ್ವಿಚಾರಕನು ಅದನ್ನು ಗಂಟಿನ ಸಂಖ್ಯೆಯೊಡನೆ ಪುಸ್ತಕದಲ್ಲಿ ದಾಖಲಿಸುತ್ತಾನೆ. ಕೊಳವೆಯ ಮೇಲಿನ ಬರಹ ಬಣ್ಣದ ಕೆಳಗೆ ಮುಚ್ಚಿಹೋಗುತ್ತದೆ, ಕಟ್ಟೆ ಕಡಲಿಗೆ ಇಳಿಯುತ್ತದೆ, ಬೆಸುಗೆಗಾರ ಬೇರೆ ಕೆಲಸಕ್ಕೆ ಹೊರಟುಹೋಗುತ್ತಾನೆ. ಪುಸ್ತಕದಲ್ಲಿ ಮಾತ್ರ ಆ ಗಂಟಿನ ಎದುರು ಅವನ ಸಂಖ್ಯೆ ಹಾಗೆಯೇ ಇರುತ್ತದೆ.